ಎಲ್ಲ ಫೋನುಗಳಿಗೂ ಒಂದೇ ಪಿನ್ನು

ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ರೈಲುಮಾರ್ಗವು ಅಗಲ ಹಳಿಯದು. ಬೆಂಗಳೂರಿನಿಂದ ಮೈಸೂರಿಗೆ ಹೋಗುತ್ತಿದ್ದ ಮಾರ್ಗವು ಮೀಟರ್ ಗೇಜಿನದು. ಹೀಗಾಗಿ ಅನೇಕ ದಶಕಗಳ ಕಾಲ ಮದರಾಸಿನ ಕಡೆಯಿಂದ ಮೈಸೂರು ಸೀಮೆಗೆ ಬಂದ ಸರಕನ್ನು ಬೆಂಗಳೂರಿನಲ್ಲಿ ಒಂದು ಗಾಡಿಯಿಂದ ಇಳಿಸಿ ಮತ್ತೊಂದು ಗಾಡಿಗೆ ಏರಿಸಬೇಕಾಗುತ್ತಿತ್ತು. ಸರಕಿನಲ್ಲಿ ಭೇದವಿರಲಿಲ್ಲ, ಹಳಿಗಳ ನಡುವಣ ಅಂತರದಲ್ಲಿ ಮಾತ್ರ ಭೇದವಿತ್ತು. 1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆಯಿಂದ ಇಂತಹ ತೊಡಕುಗಳು ದೇಶದ ಬಹುಭಾಗದಲ್ಲಿ ಕ್ರಮೇಣ ನಿವಾರಣೆಯಾದವು. ಆದರೆ ಅದರೊಡನೆ ಮತ್ತೊಂದು ಸಂಗತಿಯೂ ನಡೆಯಿತು. ಓಡುವ ಸ್ಥಿತಿಯಲ್ಲಿಯೇ ಇದ್ದ ಎಷ್ಟೋ ಮೀಟರ್ ಗೇಜ್ ಎಂಜಿನ್ನುಗಳಿಗೂ ಗಾಡಿಗಳಿಗೂ ಓಡಲು ಹಳಿಯೇ ಇಲ್ಲದಂತಾಯಿತು.

ಏಕರೂಪತೆಯು ಬಂದಾಗಲೆಲ್ಲ ಈ ಎರಡು ಮುಖಗಳೂ ಕಾಣಿಸಿಕೊಳ್ಳುತ್ತವೆ. ಮುಂದಿನವರಿಗೆ ಅನುಕೂಲ, ಹಿಂದಿನ ಉಪಕರಣಕ್ಕೆ ಅಕಾಲ ಮುಪ್ಪು. ಇಂದು ಪ್ರತಿ ಮನೆಯಲ್ಲಿಯೂ ಇರುವ ಒಂದು ಚಿಕ್ಕ ವಸ್ತುವಿನಲ್ಲಿ ಈ ಸಂಗತಿಯನ್ನು ಸ್ಪಷ್ಟವಾಗಿ ನೋಡಬಹುದು. ಅದು ಸ್ಮಾರ್ಟ್‌ಫೋನಿಗೆ ವಿದ್ಯುತ್ತನ್ನು ಊಡುವ ಚಾರ್ಜರಿನ ತುದಿಯ ಪಿನ್ನು. ಆ ಪಿನ್ನು ಒಂದೇ ಬಗೆಯದಾದುದು ಹೇಗೆ, ಅದರಿಂದ ಫೋನಿನ ಜೊತೆಗೆ ಬಳಸುವ ಇತರ ಸಾಧನಗಳಿಗೆ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಹಲವು ಪಿನ್ನುಗಳ ಕಾಲ

ಮೊಬೈಲ್ ಫೋನು ಜನಸಾಮಾನ್ಯರ ಕೈಗೆ ಬಂದ ಆರಂಭದ ವರ್ಷಗಳಲ್ಲಿ ಪ್ರತಿಯೊಬ್ಬ ತಯಾರಕನೂ ತನ್ನದೇ ಆದ ಪಿನ್ನನ್ನು ರೂಪಿಸಿಕೊಂಡಿದ್ದನು. ನೋಕಿಯಾ ಫೋನುಗಳಿಗೇ ಮೊದಲು ದಪ್ಪ ಪಿನ್ನು, ಅನಂತರ ಸಣ್ಣ ಪಿನ್ನು ಎಂಬ ಎರಡು ಬಗೆಗಳಿದ್ದವು. ಸೋನಿ ಎರಿಕ್ಸನ್, ಸ್ಯಾಮ್‌ಸಂಗ್ ಮುಂತಾದ ಕಂಪನಿಗಳ ಪಿನ್ನುಗಳು ಚಪ್ಪಟೆಯಾಗಿದ್ದು, ಒಂದು ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ನೆಂಟರ ಮನೆಗೆ ಹೋದವರು ತಮ್ಮ ಚಾರ್ಜರನ್ನು ಮರೆತು ಬಂದಿದ್ದರೆ, ಆ ಮನೆಯಲ್ಲಿ ಅದೇ ಕಂಪನಿಯ ಫೋನು ಇರಲೆಂದು ಹಾರೈಸುವುದಲ್ಲದೆ ಬೇರೆ ದಾರಿಯಿರಲಿಲ್ಲ. ಫೋನು ಬದಲಾದಾಗ ಹಳೆಯ ಚಾರ್ಜರು ಕಪಾಟಿನ ಮೂಲೆಯನ್ನು ಸೇರುತ್ತಿತ್ತು.

ಇದಕ್ಕೆ ಪರಿಹಾರದ ಬೀಜವು ಕಂಪ್ಯೂಟರ್ ಕ್ಷೇತ್ರದಲ್ಲಿ ಆಗಲೇ ಇದ್ದಿತು. ಕಂಪ್ಯೂಟರಿಗೆ ಕೀಲಿಮಣೆ, ಮುದ್ರಕ, ಮೌಸ್ ಮುಂತಾದವನ್ನು ಜೋಡಿಸಲು ಬೇರೆ ಬೇರೆ ಕಿಂಡಿಗಳು ಬೇಕಾಗಿದ್ದ ಕಾಲದಲ್ಲಿ, ಎಲ್ಲಕ್ಕೂ ಒಂದೇ ಕಿಂಡಿ ಸಾಕೆಂಬ ಉದ್ದೇಶದಿಂದ ಯುಎಸ್‌ಬಿ ಎಂಬ ವ್ಯವಸ್ಥೆಯನ್ನು 1996ರಲ್ಲಿ ಪ್ರಕಟಿಸಲಾಯಿತು. ಇಂಟೆಲ್ ಸಂಸ್ಥೆಯಲ್ಲಿ ಇದನ್ನು ರೂಪಿಸಿದವರಲ್ಲಿ ಭಾರತೀಯ ಮೂಲದ ಅಜಯ್ ಭಟ್ ಅವರು ಪ್ರಮುಖರು. ಮಾಹಿತಿಯ ಜೊತೆಗೆ ಅಲ್ಪ ಪ್ರಮಾಣದ ವಿದ್ಯುತ್ತನ್ನೂ ಒಂದೇ ತಂತಿಯಲ್ಲಿ ಸಾಗಿಸಬಲ್ಲ ಗುಣವು ಈ ವ್ಯವಸ್ಥೆಗೆ ಇದ್ದುದರಿಂದ, ಫೋನುಗಳ ಚಾರ್ಜಿಂಗಿಗೂ ಅದು ಯೋಗ್ಯವಾಯಿತು.

2009ರ ಜೂನ್ ತಿಂಗಳಲ್ಲಿ ಯುರೋಪಿಯನ್ ಆಯೋಗದ ಪ್ರೇರಣೆಯಿಂದ ಪ್ರಮುಖ ಫೋನ್ ತಯಾರಕರು ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಮೈಕ್ರೊ-ಯುಎಸ್‌ಬಿ ಎಂಬ ಚಿಕ್ಕ ಪಿನ್ನನ್ನು ಎಲ್ಲರೂ ಅಂಗೀಕರಿಸಬೇಕೆಂಬುದು ಅದರ ಸಾರ. ಆಗ ಯುರೋಪಿನಲ್ಲಿ ಸುಮಾರು 30 ಬಗೆಯ ಚಾರ್ಜರುಗಳಿದ್ದವು. ಅವು ಕ್ರಮೇಣ ಮೂರು ಬಗೆಗಳಿಗೆ ಇಳಿದವು. ಆದರೆ ಅದು ಸ್ವಯಂಪ್ರೇರಿತ ಒಡಂಬಡಿಕೆಯೇ ಹೊರತು ಕಾನೂನಲ್ಲ. ಫೋನಿನಲ್ಲಿ ಬೇರೆ ಕಿಂಡಿಯಿಟ್ಟು, ಅದಕ್ಕೆ ಹೊಂದುವ ಅಡಾಪ್ಟರನ್ನು ಒದಗಿಸಿದರೂ ಸಾಕೆಂಬ ಅವಕಾಶವು ಅದರಲ್ಲಿತ್ತು. ಆಪಲ್ ಕಂಪನಿಯು ಈ ಅವಕಾಶವನ್ನು ಬಳಸಿಕೊಂಡು ತನ್ನ ದಾರಿಯಲ್ಲಿಯೇ ನಡೆಯಿತು.

ಟೈಪ್-ಸಿ ಪಿನ್ನಿನ ರಚನೆ

2014ರ ಆಗಸ್ಟ್ ತಿಂಗಳಲ್ಲಿ ಯುಎಸ್‌ಬಿ ಟೈಪ್-ಸಿ ಎಂಬ ಹೊಸ ಪಿನ್ನಿನ ವಿವರಗಳು ಪ್ರಕಟವಾದವು. ಜನರ ಬಾಯಲ್ಲಿ ಇದು 'ಸಿ-ಟೈಪ್' ಎಂದೇ ರೂಢಿಯಾಗಿದೆ. ಇದರ ಆಕಾರವು ಎರಡು ತುದಿಗಳೂ ದುಂಡಗಾದ ಚಿಕ್ಕ ಪಟ್ಟಿಯಂತಿದೆ. ಮೈಕ್ರೊ-ಯುಎಸ್‌ಬಿಯಲ್ಲಿ ಐದು ಸಂಪರ್ಕಬಿಂದುಗಳಿದ್ದರೆ ಇದರಲ್ಲಿ 24 ಇವೆ. ಮೇಲಿನ ಸಾಲು ಮತ್ತು ಕೆಳಗಿನ ಸಾಲು ಪರಸ್ಪರ ಹೊಂದುವಂತೆ ಜೋಡಿಸಲ್ಪಟ್ಟಿರುವುದರಿಂದ ಪಿನ್ನನ್ನು ಯಾವ ಮಗ್ಗುಲಲ್ಲಿ ಸಿಕ್ಕಿಸಿದರೂ ಕೂಡಿಕೊಳ್ಳುತ್ತದೆ. ಕಣ್ಣು ಮಂದವಾದ ವೃದ್ಧರಿಗೂ ದೃಷ್ಟಿಹೀನರಿಗೂ ಇದು ಸಣ್ಣ ಉಪಕಾರವೇನಲ್ಲ.

ಇದರ ಕಾರ್ಯವಿಧಾನದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದುಂಟು. ಟೈಪ್-ಸಿ ಕಿಂಡಿಯುಳ್ಳ ಚಾರ್ಜರು, ತನ್ನ ಎದುರು ತುದಿಯಲ್ಲಿ ಯಾವುದಾದರೂ ಸಾಧನವಿದೆಯೆಂದು ಖಚಿತವಾಗುವವರೆಗೆ ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಸಾಧನದೊಳಗೆ 5.1 ಕಿಲೋ ಓಮ್ ಪ್ರಮಾಣದ ಪುಟ್ಟ ರೋಧಕವೊಂದನ್ನು ಇಟ್ಟಿರುತ್ತಾರೆ. ಅದನ್ನು ಗುರುತಿಸಿದ ಮೇಲೆಯೇ ಚಾರ್ಜರು 5 ವೋಲ್ಟ್ ಒತ್ತಡದ ವಿದ್ಯುತ್ತನ್ನು ಕೊಡುತ್ತದೆ. ಹೆಚ್ಚು ಶಕ್ತಿ ಬೇಕಾದ ಫೋನು 'ಪವರ್ ಡೆಲಿವರಿ' ಎಂಬ ನಿಯಮಾವಳಿಯ ಪ್ರಕಾರ ಚಾರ್ಜರಿನೊಡನೆ ಸಂಕೇತಗಳ ಮೂಲಕ ವ್ಯವಹರಿಸಿ, 9, 15 ಅಥವಾ 20 ವೋಲ್ಟುಗಳನ್ನು ಕೇಳಿ ಪಡೆಯುತ್ತದೆ. ಮೊದಲು 100 ವಾಟ್ ಇದ್ದ ಈ ನಿಯಮಾವಳಿಯ ಗರಿಷ್ಠ ಮಿತಿಯನ್ನು 2021ರಲ್ಲಿ 240 ವಾಟ್‌ಗೆ ಏರಿಸಲಾಯಿತು. ಕೊಡುವವನು ಕೇಳಿ ಕೊಡುವುದು, ಕೊಳ್ಳುವವನು ತನಗೆ ಬೇಕಾದಷ್ಟನ್ನೇ ಕೊಳ್ಳುವುದು ಈ ವ್ಯವಸ್ಥೆಯ ಮೂಲತತ್ತ್ವವೆನ್ನಬಹುದು. ಆದ್ದರಿಂದ 65 ವಾಟ್‌ನ ಲ್ಯಾಪ್‌ಟಾಪ್ ಚಾರ್ಜರನ್ನು ಚಿಕ್ಕ ಫೋನಿಗೆ ಜೋಡಿಸಿದರೆ ಫೋನು ಸುಟ್ಟುಹೋಗುವುದೆಂಬ ಭಯಕ್ಕೆ, ಎರಡೂ ನಿಯಮಬದ್ಧವಾಗಿ ತಯಾರಾಗಿದ್ದಲ್ಲಿ, ಆಧಾರವಿಲ್ಲ.

ಕಾನೂನಿನ ಪ್ರವೇಶ

ಮಾತಿನ ಒಡಂಬಡಿಕೆಯಿಂದ ಪೂರ್ಣ ಏಕರೂಪತೆ ಬಾರದೆಂದು ಕಂಡ ಮೇಲೆ, 2021ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಆಯೋಗವು ಶಾಸನದ ಪ್ರಸ್ತಾವವನ್ನು ಮಂಡಿಸಿತು. ಬಳಕೆಯಾಗದೆ ಎಸೆಯಲ್ಪಡುವ ಚಾರ್ಜರುಗಳಿಂದ ವರ್ಷಕ್ಕೆ ಸುಮಾರು 11,000 ಟನ್ ತ್ಯಾಜ್ಯವುಂಟಾಗುತ್ತದೆಂದೂ, ಫೋನಿನೊಡನೆ ಬಾರದ ಚಾರ್ಜರುಗಳನ್ನು ಪ್ರತ್ಯೇಕವಾಗಿ ಕೊಳ್ಳಲು ಅಲ್ಲಿನ ಬಳಕೆದಾರರು ವರ್ಷಕ್ಕೆ ಸುಮಾರು 240 ಕೋಟಿ ಯೂರೋಗಳನ್ನು ವೆಚ್ಚಮಾಡುತ್ತಾರೆಂದೂ ಆಯೋಗವು ಅಂದಾಜು ಮಾಡಿತ್ತು. ಸರಾಸರಿ ಒಬ್ಬ ಬಳಕೆದಾರನ ಬಳಿ ಮೂರು ಚಾರ್ಜರುಗಳಿದ್ದು, ಅವುಗಳಲ್ಲಿ ಎರಡು ಮಾತ್ರ ನಿತ್ಯ ಬಳಕೆಯಲ್ಲಿರುತ್ತವೆ. ಆದರೂ ಹೊಂದುವ ಚಾರ್ಜರು ಕೈಗೆ ಸಿಗದೆ ಒಮ್ಮೆಯಾದರೂ ಪೇಚಾಡಿದವರು ನೂರಕ್ಕೆ 38 ಮಂದಿ.

2022ರ ಅಕ್ಟೋಬರ್ 4ರಂದು ಯುರೋಪಿಯನ್ ಸಂಸತ್ತು 602 ಮತಗಳ ಬೆಂಬಲದಿಂದ, ಕೇವಲ 13 ಮತಗಳ ವಿರೋಧದೊಡನೆ ಈ ಶಾಸನಕ್ಕೆ ಒಪ್ಪಿಗೆ ನೀಡಿತು. ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್, ಕಿವಿಯೊಳಗಿಡುವ ಇಯರ್‌ಬಡ್, ಕೈಯಲ್ಲಿ ಹಿಡಿದಾಡುವ ಆಟದ ಯಂತ್ರ, ಚಿಕ್ಕ ಸ್ಪೀಕರ್, ಇ-ರೀಡರ್, ಕೀಲಿಮಣೆ, ಮೌಸ್, ದಾರಿ ತೋರುವ ಸಾಧನ ಇವೆಲ್ಲವೂ, ತಂತಿಯ ಮೂಲಕ ಚಾರ್ಜ್ ಆಗುವಂಥವಾದರೆ, ಟೈಪ್-ಸಿ ಕಿಂಡಿಯನ್ನು ಹೊಂದಿರಬೇಕು. ಈ ನಿಯಮವು 2024ರ ಡಿಸೆಂಬರ್ 28ರಿಂದ ಜಾರಿಗೆ ಬಂದಿತು. ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ನ್ನು ಗೊತ್ತುಪಡಿಸಲಾಯಿತು. ಚಾರ್ಜರಿಲ್ಲದೆಯೇ ಸಾಧನವನ್ನು ಕೊಳ್ಳುವ ಆಯ್ಕೆಯನ್ನು ಗ್ರಾಹಕನಿಗೆ ಕೊಡಬೇಕೆಂಬುದೂ ಇದೇ ಶಾಸನದ ವಿಧಿ.

ಆಪಲ್ ಕಂಪನಿಯು ಇದಕ್ಕೆ ಆಕ್ಷೇಪವೆತ್ತಿತ್ತು. ಒಂದೇ ಬಗೆಯ ಪಿನ್ನನ್ನು ಕಾನೂನಿನಿಂದ ಹೇರಿದರೆ ಹೊಸ ಶೋಧನೆಗೆ ತಡೆಯುಂಟಾಗುವುದೆಂಬುದು ಅದರ ವಾದ. ಈ ವಾದವನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. 2009ರಲ್ಲಿ ಮೈಕ್ರೊ-ಯುಎಸ್‌ಬಿಯನ್ನೇ ಕಾನೂನಾಗಿ ಮಾಡಿದ್ದರೆ ಅದಕ್ಕಿಂತ ಉತ್ತಮವಾದ ಟೈಪ್-ಸಿ ಬಳಕೆಗೆ ಬರುವುದು ತಡವಾಗುತ್ತಿತ್ತೇನೋ. ಮುಂದೆ ಮೇಲಾದ ವಿಧಾನ ಬಂದಲ್ಲಿ ನಿಯಮವನ್ನು ಪರಿಷ್ಕರಿಸಲು ಯುರೋಪಿನ ಶಾಸನದಲ್ಲಿ ಅವಕಾಶವಿಟ್ಟಿರುವುದು ಈ ಆಕ್ಷೇಪಕ್ಕೆ ಉತ್ತರ. ಕಟ್ಟಕಡೆಗೆ 2023ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಐಫೋನ್ 15ರಲ್ಲಿ ಆಪಲ್ ತನ್ನ ಪಿನ್ನನ್ನು ಬಿಟ್ಟು ಟೈಪ್-ಸಿಯನ್ನು ಅಳವಡಿಸಿತು. ಈ ಬದಲಾವಣೆ ಯುರೋಪಿಗೆ ಸೀಮಿತವಾಗದೆ ಜಗತ್ತಿಗೆಲ್ಲ ಅನ್ವಯಿಸಿತು. ಐಫೋನುಗಳ ಜೋಡಣೆ ನಡೆಯುವ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಗೂ ದೂರದ ಯುರೋಪಿನ ಶಾಸನದ ಪ್ರಭಾವ ಹೀಗೆ ತಲುಪಿತು.

ಭಾರತದಲ್ಲಿಯೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ತಯಾರಕರೊಡನೆ ಸಮಾಲೋಚನೆ ನಡೆಸಿತು. ಆ ವರ್ಷದ ನವೆಂಬರ್ ಸಭೆಯಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್ ಮತ್ತು ಲ್ಯಾಪ್‌ಟಾಪ್‌ಗಳಿಗೆ ಟೈಪ್-ಸಿ ಇರಲೆಂಬ ಸಹಮತ ಮೂಡಿತು. ಅನಂತರ ಭಾರತೀಯ ಮಾನಕ ಬ್ಯೂರೊ ಇದಕ್ಕೆ ಸಂಬಂಧಿಸಿದ ಮಾನಕವನ್ನು ಪ್ರಕಟಿಸಿತು.

ಪರಿಕರಗಳಿಗೆ ಒದಗಿದ ಸ್ಥಿತಿ

ಫೋನಿನ ಕಿಂಡಿಯನ್ನು ಅವಲಂಬಿಸಿ ಬದುಕುವ ಪರಿಕರಗಳು ಅನೇಕ. ಕೇಬಲ್, ಇಯರ್‌ಫೋನ್, ಸ್ಪೀಕರ್, ಕಾರಿನ ಚಾರ್ಜರು, ಪವರ್ ಬ್ಯಾಂಕ್ ಮುಂತಾದವುಗಳ ಆಯುಷ್ಯವು ತಮ್ಮ ಗಟ್ಟಿತನದಿಂದಲ್ಲ, ಫೋನಿನ ಕಿಂಡಿಯ ಆಕಾರದಿಂದ ನಿರ್ಧಾರವಾಗುತ್ತದೆ.

ಇದಕ್ಕೆ ಹಿಂದಿನ ನಿದರ್ಶನವೊಂದಿದೆ. ಆಪಲ್ ಕಂಪನಿಯು 2003ರಿಂದ ತನ್ನ ಐಪಾಡುಗಳಲ್ಲಿ, ಅನಂತರ ಐಫೋನುಗಳಲ್ಲಿ 30 ಸಂಪರ್ಕಬಿಂದುಗಳ ಅಗಲವಾದ ಪಿನ್ನನ್ನು ಬಳಸುತ್ತಿತ್ತು. ಅದನ್ನು ನಂಬಿ ಸಂಗೀತದ ಸ್ಪೀಕರುಗಳೂ ಅಲಾರಂ ಗಡಿಯಾರಗಳೂ ಅಸಂಖ್ಯವಾಗಿ ತಯಾರಾದವು. 2012ರ ಸೆಪ್ಟೆಂಬರಿನಲ್ಲಿ ಐಫೋನ್ 5ರೊಡನೆ ಲೈಟ್ನಿಂಗ್ ಎಂಬ ಚಿಕ್ಕ ಪಿನ್ನು ಬಂದಿತು. ಅಂದಿನಿಂದ ಆ ಸ್ಪೀಕರುಗಳ ಧ್ವನಿ ಚೆನ್ನಾಗಿಯೇ ಇದ್ದರೂ ಹೊಸ ಫೋನು ಅವುಗಳ ಮೇಲೆ ಕೂರದಾಯಿತು. ಮಾರಾಟಕ್ಕೆ ಬಂದ ಅಡಾಪ್ಟರು ಚಾರ್ಜಿಂಗನ್ನೂ ಧ್ವನಿಯನ್ನೂ ಸಾಗಿಸಿತೇ ಹೊರತು ಚಿತ್ರವನ್ನು ಸಾಗಿಸಲಿಲ್ಲ. 11 ವರ್ಷಗಳ ತರುವಾಯ ಲೈಟ್ನಿಂಗ್ ಪಿನ್ನಿಗೂ ಅದೇ ಗತಿ ಒದಗಿತು.

ಆಪಲ್ ಪೆನ್ಸಿಲ್ ಎಂಬ ಬರವಣಿಗೆಯ ಸಾಧನದ ಪ್ರಸಂಗವು ಇನ್ನೂ ಬೋಧಪ್ರದವಾಗಿದೆ. 2015ರಲ್ಲಿ ಬಂದ ಮೊದಲ ಪೆನ್ಸಿಲಿನ ತುದಿಯಲ್ಲಿ ಲೈಟ್ನಿಂಗ್ ಪಿನ್ನಿದ್ದು, ಅದನ್ನು ಐಪ್ಯಾಡಿಗೆ ನೇರವಾಗಿ ಸಿಕ್ಕಿಸಿ ಚಾರ್ಜ್ ಮಾಡಬಹುದಾಗಿತ್ತು. 2022ರ ಐಪ್ಯಾಡಿನಲ್ಲಿ ಟೈಪ್-ಸಿ ಕಿಂಡಿ ಬಂದಾಗಲೂ ಅದರೊಡನೆ ಬಳಸಬೇಕಾದ ಪೆನ್ಸಿಲು ಹಳೆಯದೇ ಆಗಿದ್ದುದರಿಂದ, ನಡುವೆ ಅಡಾಪ್ಟರೊಂದನ್ನೂ ಕೇಬಲೊಂದನ್ನೂ ಇಡಬೇಕಾಯಿತು. ಮುಖ್ಯ ಸಾಧನವು ಮುಂದೆ ಹೋಗಿ ಪರಿಕರವು ಹಿಂದುಳಿದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ.

ಇಯರ್‌ಫೋನುಗಳ ವಿಷಯವು ಮತ್ತಷ್ಟು ಸೂಕ್ಷ್ಮ. ಹಳೆಯ ದುಂಡು ಪಿನ್ನಿನ ಇಯರ್‌ಫೋನನ್ನು ಟೈಪ್-ಸಿ ಫೋನಿಗೆ ಜೋಡಿಸಲು ಚಿಕ್ಕ ಅಡಾಪ್ಟರುಗಳು ದೊರೆಯುತ್ತವೆ. ಹೊರನೋಟಕ್ಕೆ ಇವೆಲ್ಲ ಒಂದೇ. ಒಳಗೆ ಎರಡು ಜಾತಿ. ಒಂದರಲ್ಲಿ ಬರಿಯ ತಂತಿಗಳಿದ್ದು, ಧ್ವನಿಸಂಕೇತವನ್ನು ಫೋನೇ ಸಿದ್ಧಪಡಿಸಿ ಕೊಡಬೇಕು. ಮತ್ತೊಂದರಲ್ಲಿ ಅಂಕಿಯ ರೂಪದ ಸಂಕೇತವನ್ನು ಧ್ವನಿಸಂಕೇತವಾಗಿ ಮಾರ್ಪಡಿಸುವ ಪುಟ್ಟ ಚಿಪ್ಪು ಇರುತ್ತದೆ. ಮೊದಲನೆಯ ಜಾತಿಯದನ್ನು ಆ ಸೌಲಭ್ಯವಿಲ್ಲದ ಫೋನಿಗೆ ಜೋಡಿಸಿದರೆ ಪಿನ್ನು ಸರಿಯಾಗಿ ಕೂಡಿಕೊಂಡರೂ ಸದ್ದು ಬರುವುದಿಲ್ಲ. ಕೊಳ್ಳುವವರು ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸುವುದು ಲೇಸು.

ಆಕಾರ ಒಂದಾದರೆ ಗುಣವೂ ಒಂದೇ?

ಏಕರೂಪತೆಯ ಬಗೆಗೆ ಜನರಲ್ಲಿರುವ ದೊಡ್ಡ ಭ್ರಮೆಯು ಇಲ್ಲಿದೆ. ಪಿನ್ನಿನ ಆಕಾರ ಒಂದೇ ಆದ ಮಾತ್ರಕ್ಕೆ ಎಲ್ಲ ಕೇಬಲುಗಳ ಸಾಮರ್ಥ್ಯವೂ ಒಂದೇ ಆಗುವುದಿಲ್ಲ. ಸಾಮಾನ್ಯ ಟೈಪ್-ಸಿ ಕೇಬಲು 3 ಆಂಪಿಯರ್‌ವರೆಗೆ ವಿದ್ಯುತ್ತನ್ನು ಸಾಗಿಸುತ್ತದೆ. ಅದಕ್ಕೂ ಮೀರಿದರೆ ಕೇಬಲಿನೊಳಗೆ ತನ್ನ ಸಾಮರ್ಥ್ಯವನ್ನು ಸಾರುವ ಗುರುತಿನ ಚಿಪ್ಪು ಇರಲೇಬೇಕು. ಮಾಹಿತಿಯ ವೇಗದಲ್ಲಿಯೂ ಅಂತರವಿದೆ. ಒಂದೇ ವರ್ಷ ಬಂದ ಐಫೋನ್ 15 ಮತ್ತು ಐಫೋನ್ 15 ಪ್ರೊ ಎರಡಕ್ಕೂ ಟೈಪ್-ಸಿ ಕಿಂಡಿಯೇ ಇದ್ದರೂ, ಮೊದಲನೆಯದರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಎರಡನೆಯದರದು 10 ಗಿಗಾಬಿಟ್. ಕೆಲವು ಕಂಪನಿಗಳು ತಮ್ಮದೇ ಆದ ಅತಿವೇಗದ ಚಾರ್ಜಿಂಗ್ ವಿಧಾನವನ್ನು ಇರಿಸಿಕೊಂಡಿರುವುದರಿಂದ, ಆ ಚಾರ್ಜರನ್ನು ಬೇರೆ ಕಂಪನಿಯ ಫೋನಿಗೆ ಜೋಡಿಸಿದರೆ ಚಾರ್ಜಿಂಗ್ ನಿಧಾನವಾಗಬಹುದು. ಈ ಕಾರಣದಿಂದಲೇ ಯುರೋಪಿನ ಶಾಸನವು, ವೇಗದ ಚಾರ್ಜಿಂಗ್ ಉಳ್ಳ ಸಾಧನಗಳು ಪವರ್ ಡೆಲಿವರಿ ನಿಯಮಾವಳಿಯನ್ನೂ ಪಾಲಿಸಬೇಕೆಂದು ವಿಧಿಸಿದೆ.

ಅಗ್ಗದ ಸಾಧನಗಳಲ್ಲಿ ಮತ್ತೊಂದು ದೋಷವು ಕಂಡುಬರುತ್ತದೆ. ಹಿಂದೆ ಹೇಳಿದ ಪುಟ್ಟ ರೋಧಕವನ್ನು ಹಾಕದೆ ಕೆಲವರು ಟಾರ್ಚು, ಚಿಕ್ಕ ಫ್ಯಾನು ಮುಂತಾದವನ್ನು ತಯಾರಿಸುತ್ತಾರೆ. ಅಂತಹ ವಸ್ತುವು ಎರಡು ಕಡೆಯೂ ಟೈಪ್-ಸಿ ಇರುವ ಕೇಬಲಿನಿಂದ ಚಾರ್ಜ್ ಆಗುವುದಿಲ್ಲ. ಚಾರ್ಜರಿನ ಕಡೆ ಹಳೆಯ ಅಗಲ ಪಿನ್ನಿರುವ ಕೇಬಲಿನಿಂದ ಮಾತ್ರ ಆಗುತ್ತದೆ. ಸಾಧನವೇ ಕೆಟ್ಟಿದೆಯೆಂದು ಭಾವಿಸಿ ಬಿಸಾಡುವವರು ಈ ಅಂಶವನ್ನು ಅರಿತರೆ ನಷ್ಟ ತಪ್ಪುತ್ತದೆ. ಇದಕ್ಕಿಂತ ಅಪಾಯಕರವಾದುದು, ಅಗಲ ಪಿನ್ನಿನಿಂದ ಟೈಪ್-ಸಿಗೆ ಹೋಗುವ ಕೇಬಲಿನೊಳಗೆ 56 ಕಿಲೋ ಓಮ್‌ಗೆ ಬದಲಾಗಿ 10 ಕಿಲೋ ಓಮ್ ರೋಧಕವನ್ನು ಇಡುವುದು. ಆಗ ಹಳೆಯ ಚಾರ್ಜರಿಗೆ 3 ಆಂಪಿಯರ್ ಕೊಡುವ ಶಕ್ತಿಯಿದೆಯೆಂಬ ತಪ್ಪು ಸೂಚನೆ ಫೋನಿಗೆ ಹೋಗಿ, ಚಾರ್ಜರು ತನ್ನ ಶಕ್ತಿಗೆ ಮೀರಿ ದುಡಿದು ಕೆಡಬಹುದು. ಕಾಣದ ಕಡೆ ಮಾಡಿದ ವಂಚನೆಯ ಫಲವನ್ನು ಕಾಣುವವನು ಅನುಭವಿಸಬೇಕಾಗುತ್ತದೆ.

ಲಾಭ ನಷ್ಟಗಳ ತುಲನೆ

ಜಗತ್ತಿನಲ್ಲಿ 2022ರಲ್ಲಿ ಉತ್ಪತ್ತಿಯಾದ ವಿದ್ಯುನ್ಮಾನ ತ್ಯಾಜ್ಯವು ಸುಮಾರು 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿಯು ತಿಳಿಸುತ್ತದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಕ್ಕೆ ದಾಖಲೆಯಿರುವುದು ನೂರಕ್ಕೆ 22.3 ಪಾಲಿಗೆ ಮಾತ್ರ. ಈ ರಾಶಿಯ ಮುಂದೆ ಯುರೋಪಿನ 11,000 ಟನ್ ಚಾರ್ಜರುಗಳು ಗುಡ್ಡದ ಮುಂದಿನ ಹಿಡಿ ಮಣ್ಣಿನಂತೆ. ಚಾರ್ಜರು ಒಂದಾದುದರಿಂದಲೇ ತ್ಯಾಜ್ಯದ ಸಮಸ್ಯೆ ತೀರಿತೆಂದು ಹೇಳುವವರು ಈ ಲೆಕ್ಕವನ್ನು ನೋಡಬೇಕು. ಬದಲಾವಣೆಯ ಮೊದಲ ವರ್ಷಗಳಲ್ಲಿ ಹಳೆಯ ಕೇಬಲುಗಳು ಒಮ್ಮೆಗೇ ಮೂಲೆಗೆ ಬೀಳುವುದರಿಂದ ತ್ಯಾಜ್ಯವು ಹೆಚ್ಚುವ ಸಂಭವವೂ ಇದೆ.

ಆದರೂ ಲಾಭದ ತಟ್ಟೆಯೇ ಕೆಳಗಿಳಿಯುತ್ತದೆ. ಹಳೆಯ ಪರಿಕರದ ನಷ್ಟವು ಒಮ್ಮೆ ಆಗುವಂಥದು. ಏಕರೂಪತೆಯ ಲಾಭವು ವರ್ಷವರ್ಷವೂ ದೊರೆಯುವಂಥದು. ಮನೆಮಂದಿಗೆಲ್ಲ ಒಂದೆರಡು ಚಾರ್ಜರು ಸಾಕಾಗುತ್ತವೆ. ತಾಯಿಯ ಫೋನಿನ ಕೇಬಲಿನಿಂದ ಮಗನ ಲ್ಯಾಪ್‌ಟಾಪೂ, ಶಾಲೆಯ ಟ್ಯಾಬ್ಲೆಟ್ಟೂ ಚಾರ್ಜ್ ಆಗಬಹುದು. ಅಂಗಡಿಯವನು ಹತ್ತು ಬಗೆಯ ಪಿನ್ನುಗಳನ್ನು ತೂಗುಹಾಕಿಕೊಂಡು, ಮಾರಾಟವಾಗದೆ ಉಳಿದುದರ ಮೇಲೆ ಬಂಡವಾಳ ಕಳೆದುಕೊಳ್ಳಬೇಕಾಗಿಲ್ಲ. ಆದರೆ ಈ ಲಾಭವು ತಾನಾಗಿ ಬರುವುದಿಲ್ಲ. ಹೊಂದುವ ಚಾರ್ಜರು ಮನೆಯಲ್ಲಿದ್ದೂ ಹೊಸತನ್ನು ಕೊಳ್ಳುವ ಚಪಲವು ಹಾಗೆಯೇ ಉಳಿದರೆ, ಪಿನ್ನು ಒಂದಾದರೂ ರಾಶಿ ಕರಗದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಕಪಾಟುಗಳಲ್ಲಿರುವ ಚಾರ್ಜರು ಕೇಬಲುಗಳನ್ನು ಹೊರತೆಗೆದು ಮೂರು ಪಾಲು ಮಾಡಬಹುದು. ಬಳಕೆಯಲ್ಲಿರುವವು ಒಂದು ಪಾಲು. ಕೆಡದೆ ಇದ್ದರೂ ಮನೆಯಲ್ಲಿ ಉಪಯೋಗವಿಲ್ಲದವು ಇನ್ನೊಂದು ಪಾಲು; ಹಳೆಯ ಫೋನನ್ನೇ ಬಳಸುವ ನೆರೆಹೊರೆಯವರಿಗೆ ಅವು ಬೇಕಾಗಬಹುದು. ಕೆಟ್ಟುಹೋದವು ಮೂರನೆಯ ಪಾಲು. ಇವನ್ನು ಕಸದೊಡನೆ ಬೆರೆಸದೆ ವಿದ್ಯುನ್ಮಾನ ತ್ಯಾಜ್ಯದ ಸಂಗ್ರಹ ಕೇಂದ್ರಕ್ಕೆ ತಲುಪಿಸಬೇಕು. ತಾಮ್ರದಾಸೆಗೆ ಕೇಬಲನ್ನು ಬೆಂಕಿಗೆ ಹಾಕುವುದು ಸರ್ವಥಾ ಕೂಡದು. ಹೊದಿಕೆಯ ಪ್ಲಾಸ್ಟಿಕ್ಕು ಸುಟ್ಟಾಗ ಹೊರಡುವ ಹೊಗೆ ವಿಷಕಾರಿ. ಚಾರ್ಜರುಗಳ ಮೇಲೆ ಮುದ್ರಿತವಾಗಿರುವ ವೋಲ್ಟು ಮತ್ತು ಆಂಪಿಯರುಗಳನ್ನು ಗುಣಿಸಿ ವಾಟುಗಳನ್ನು ಕಂಡುಹಿಡಿದು ಪಟ್ಟಿ ಮಾಡಿದರೆ, ಭೌತಶಾಸ್ತ್ರದ ಪಾಠವೂ ಅದರೊಡನೆಯೇ ಮನದಟ್ಟಾಗುವುದು. 9 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಅದು 18 ವಾಟ್‌ನ ಚಾರ್ಜರು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದವರು ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಬೇಕಾದಷ್ಟನ್ನು ಉಳಿಸಿ ಮಿಕ್ಕುದನ್ನು ಮೊದಲಿದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಕಳುಹಿದರು. ಅಕ್ಕಿಯಲ್ಲಿ ದೋಷವಿರಲಿಲ್ಲ, ಅದು ಕದ್ದುದೂ ಆಗಿರಲಿಲ್ಲ. ಬೇಕಾದುದಕ್ಕಿಂತ ಹೆಚ್ಚಾಗಿತ್ತು, ಅಷ್ಟೆ. ಯುರೋಪಿನ ಸಂಸತ್ತು 602 ಮತಗಳಿಂದ ಪಿನ್ನನ್ನು ಒಂದು ಮಾಡಬಲ್ಲುದು. ಮನೆಯಲ್ಲಿ ಮೂರು ಚಾರ್ಜರುಗಳಿರುವಾಗ ನಾಲ್ಕನೆಯದು ಬೇಡವೆಂದು ಹೇಳುವ ಕೆಲಸವು ಮಾತ್ರ ಆಯಾ ಮನೆಯ ಲಕ್ಕಮ್ಮನದು.